ಎರಡು ಬಿಳಿ ಬಾಟಲಿ, ಒಂದು ಮೂಗು

ಕಾರ್ಕು ಒಳಗೇ ಮುರಿಯಬಹುದಿತ್ತು. ಪಕ್ಕದ ಮಾಳಿಗೆಯ ಅಜ್ಜಿ ಒಣಹಾಕಿದ ಹಪ್ಪಳ ಎತ್ತಲು ಬಂದು ಇಣುಕಬಹುದಿತ್ತು. ಇಟಲಿಯಿಂದ ಹುಮನಾಬಾದಿನವರೆಗೆ ಬಂದ ವೈನು ದಾರಿಯಲ್ಲೇ ಹುಳಿತು, ನಾವು ವಿನಿಗರ್ ಕುಡಿದು ವಾಹ್ವಾ ಎನ್ನಬಹುದಿತ್ತು. ಎರಡೇ ಗುಟುಕಿಗೆ ನನ್ನ ಬಿಪಿ ಏರಿ, ಊರಿಗೆ ಮರಳುವ ಬಸವಕಲ್ಯಾಣದ ಬಸ್ಸು ತಪ್ಪಿ, ಇದ್ದಷ್ಟು ಮರ್ಯಾದೆಯೂ ಹೋಗಬಹುದಿತ್ತು. ಎಲ್ಲಕ್ಕಿಂತ ದೊಡ್ಡ ಭಯವನ್ನು ಮಾತ್ರ ನಾನು ಬಾಯಿಬಿಟ್ಟು ಹೇಳಿರಲಿಲ್ಲ: ಹೆಂಡತಿಗೆ ಏನೂ ವಾಸನೆ ಹತ್ತದೇ ಹೋಗಬಹುದಿತ್ತು.

ಮಳೆಗಾಲದ ಜ್ವರ ಅವಳ ಮೂಗನ್ನು ಒಯ್ದಿತ್ತು. ಬೇರೆ ಬೇರೆ ವಾಸನೆ ಮೂಸುತ್ತಿರಿ ಎಂದಿದ್ದರು ಡಾಕ್ಟರು. ಲವಂಗ, ನಿಂಬೆ, ಮಲ್ಲಿಗೆ ಎಲ್ಲ ಆದವು. ಒಗ್ಗರಣೆ ಹದವಾಯಿತೇ ಎಂದು ಈಗ ನನ್ನನ್ನು ಕೇಳುತ್ತಾಳೆ. ಗ್ಯಾಸು ಸೋರಿದರೂ ಅವಳಿಗೆ ತಿಳಿಯದೆಂಬ ಭಯಕ್ಕೆ ನನಗೋ ಸದಾ ಅದೇ ವಾಸನೆ. ಹುಮನಾಬಾದಿನಲ್ಲಿರುವ ಅವಳ ತಂಗಿ ಇಟಲಿ ನೋಡಿ ಬರುವಾಗ, ಅಕ್ಕನ ಮೂಗಿಗೆ ಔಷಧವೆಂದು ಎರಡು ಬಾಟಲಿ ಬಿಳಿ ವೈನು ತಂದಳು.

"ನಾ ಕೊರಳಾಗ ಲಿಂಗ ಕಟ್ಟಿದಾಕಿ. ಕುಡಿಯಂಗಿಲ್ಲ, ಮೂಸ್ತೀನಿ ಅಷ್ಟ," ಎಂದಳು ಹೆಂಡತಿ.

"ಮೂಸಾಕ ಏನ್ ಅಡ್ಡಿಲ್ಲ ಬಿಡಕ್ಕಾ. ಕುಡ್ಯಾಕ ಮಾಮಾ ಅದಾರಲ್ಲ, ಲಿಂಗ ದೇವರ ಜಗಲಿ ಮ್ಯಾಲಿಟ್ಟೇ ಬಂದಾರ," ಎಂದಳು ತಂಗಿ.

ಚಳಿಗಾಲದ ಇಳಿಬಿಸಿಲು ತಂಗಿಯ ಮನೆಯ ಮಾಳಿಗೆಯ ಮೇಲೆ ಹಾಸಿತ್ತು. ಮೊದಲ ಬಾಟಲಿ ಸೋವಾವೆ. ಒಣಗಿದ ಜೋಳದ ದಂಟಿನ ಬಣ್ಣ, ನಾಲಿಗೆಯ ಮೇಲೆ ತಣ್ಣಗಿನ ಪೇರು ಹಣ್ಣು, ನುಂಗಿದ ಮೇಲೆ ಬಾದಾಮಿ ಸಿಪ್ಪೆಯ ಸಣ್ಣ ಕಹಿ. ಎರಡನೆಯದು ವೆರ್ಮೆಂತೀನೊ. ನಿಂಬೆ ಸಿಪ್ಪೆ, ಅದರ ಹಿಂದೆಯೇ ಉಪ್ಪು. ಸಮುದ್ರ ಕಾಣದ ಊರಿನ ಆ ಮಾಳಿಗೆ ದೋಣಿಯ ಹಾಗೆ ಕಟ್ಟು ಬಿಚ್ಚಿಕೊಂಡು ಮೆಲ್ಲಗೆ ತೇಲಿದಂತಾಯಿತು. ಹೆದ್ದಾರಿಯ ಲಾರಿಗಳ ಸದ್ದು ಅಲೆಗಳಂತೆ ಬಂದು ಬಂದು ಹೋಯಿತು. ನನಗೆ ಚಿಂತೆ ಮಾಡುವುದೂ ಮರೆತಿತ್ತು. ನೆನಪಾದದ್ದು ಅವಳ ಮುಖ ನೋಡಿದಾಗಲೇ. ಕಣ್ಣು ಮುಚ್ಚಿ, ಮೂಗನ್ನು ಗಾಜಿನ ಲೋಟದೊಳಗೆ ಇಳಿಬಿಟ್ಟು ಕೂತಿದ್ದಳು.

"ಏನ್ ಬಂತು?"

"ತಂಪು ಬಂತು," ಎಂದು ಲೋಟ ಕೆಳಗಿಟ್ಟಳು.

ತಂಗಿ ನನ್ನ ಕಡೆ ನೋಡಲಿಲ್ಲ. ನಾವಿಬ್ಬರೂ ನಮ್ಮ ನಮ್ಮ ಲೋಟದೊಳಗೆ ಮೂಗು ಹುಗಿದೆವು. ಸ್ವಲ್ಪ ಹೊತ್ತಿಗೆ ಹೆಂಡತಿ, "ರೀ, ಏನೋ ವಾಸನಿ ಬರಾಕತ್ತದ," ಎಂದಳು.

ನಮ್ಮ ಮನೆಯಲ್ಲಿ ಘಮ ಎಂದರೆ ಹೊಗಳಿಕೆ, ವಾಸನಿ ಎಂದರೆ ದೂರು. ವೈನು ಕೆಟ್ಟಿತೆಂದುಕೊಂಡು ಗಾಬರಿಯಿಂದ ಕಾರ್ಕು ಮೂಸಿದೆ. "ಹುಳಿ ವಾಸನಿ ಏನು? ನನಗ ಮೊದಲ ಡೌಟಿತ್ತು..."

"ನಿಮ್ಮ ವೈನಿಂದು ಯಾರಿಗಿ ಬೇಕಾಗೇದ್ರಿ! ಕೆಳಗ ಏನೋ ಹೊತ್ತಾಕತ್ತದ!"

"ಅಯ್ಯ, ಹಾಲು!" ಎಂದು ತಂಗಿ ಮೆಟ್ಟಿಲಿಳಿದು ಓಡಿದಳು.

ಆಗ ನನಗೂ ವಾಸನೆ ಹತ್ತಿತು. ನಾನು ಹೆಂಡತಿಯನ್ನು ನೋಡಿದೆ. ಅವಳು ಎದ್ದು ಹೋಗಿ ಮೆಟ್ಟಿಲ ಬಾಯಿಯಲ್ಲಿ ನಿಂತಿದ್ದಳು, ಎದೆತುಂಬ ಉಸಿರೆಳೆದುಕೊಳ್ಳುತ್ತ. ಕೆಟ್ಟದ್ದು ಒಂದು ಪಾತ್ರೆ ಹಾಲು, ಅಷ್ಟೇ. ತಂಗಿ ಕೆಳಗೆ ಒಂದೊಂದೇ ಕಿಟಕಿ ತೆಗೆಯುವ ಸದ್ದು ಕೇಳುತ್ತಿತ್ತು.

"ತೆರಿಬ್ಯಾಡವ್ವ," ಎಂದು ಕೂಗಿದಳು ಹೆಂಡತಿ. "ಜರಾ ತಡಿ."