ಹತ್ತು ನಂಬರಿನ ರಜಾಯಿ

ಸವಣೂರಿನ ನಮ್ಮ ಹಾಸಿಗೆ ಅಂಗಡಿಗೆ ಈಗ ಬರುವ ರಜಾಯಿಗಳ ಚೀಟಿಯ ಮೇಲೆ ಒಂದು ನಂಬರ್ ಇರುತ್ತದೆ. ನಂಬರ್ ಹೆಚ್ಚಾದಷ್ಟೂ ರಜಾಯಿ ಬೆಚ್ಚಗಿರುತ್ತದೆ, ಅಷ್ಟೇ. ಮಗಳ ಮದುವೆಗೆ ಕೊಡಲು ಆರಿಸುತ್ತಿದ್ದ ಯಲವಿಗಿಯ ಗಿರಾಕಿ ಅಕ್ಕನಿಗೂ ಇದನ್ನೇ ಹೇಳಿದೆ.

“ನಮ್ಮ ಕಡೆ ಚಳಿಗೆ ನಾಲ್ಕು ನಂಬರಿಂದು ಸಾಕ್ರಿ ಅಕ್ಕಾರ. ಹತ್ತರದು ಹೊದ್ದರ ಬೆವರತಾರ.”

“ಬೆವರಲಿ ಬಿಡ್ರಿ. ಬೀಗರ ಮನಿ ಹಿರೇ ಸೊಸಿ ತವರಿಂದ ಆರರದು ತಂದಾಳ. ನನ್ನ ಮಗಳು ನಾಲ್ಕರದು ಒಯ್ದು ತಲಿ ತಗ್ಗಸಬೇಕೇನು?”

ಹತ್ತರದನ್ನೇ ಕಟ್ಟಿಕೊಟ್ಟೆ. ಚಳಿಗಾಲ ಮುಗಿದ ಮೇಲೆ ಅಕ್ಕ ಮತ್ತೆ ಬಂದಾಗ, ರಜಾಯಿ ಹೇಗಿದೆ ಎಂದು ಕೇಳಿದೆ.

“ಭಾಳ ಛಲೋ ಐತ್ರಿ. ಬೀಗರು ಮಂಚದ ಮ್ಯಾಲ ಹಾಸ್ಯಾರ, ನಂಬರ್ ಕಾಣೂಹಂಗ. ಹೊದಿಯಾಕ ಮನ್ಯಾಗ ಕೌದಿ ಅದಾವಲ್ಲ.”

ಈಗ ಮದುವೆಗೆ ರಜಾಯಿ ಕೇಳಿ ಬಂದವರ ಹತ್ತಿರ ನಾನು ಚಳಿಯ ಮಾತೇ ಎತ್ತುವುದಿಲ್ಲ. ಹಿರಿಯ ಸೊಸೆ ಎಷ್ಟರದು ತಂದಿದ್ದಾಳೆಂದು ಕೇಳುತ್ತೇನೆ.