ಹಿಂದಿನ ಸಾಲಿನ ಇಬ್ಬರು

ಕೊಳ್ಳೇಗಾಲದ ನಮ್ಮ ನೇಕಾರರ ಬೀದಿಗೆ ಒಂದು ಬಾಲ್ ಬ್ಯಾಡ್ಮಿಂಟನ್ ತಂಡವಿತ್ತು. ಹಳದಿ ಉಣ್ಣೆಯ ಚೆಂಡು, ಮಣ್ಣಿನ ಅಂಕಣ, ಬಲೆಯ ಆಚೆಗೆ ಐವರು, ಈಚೆಗೆ ಐವರು. ಮಗ್ಗ ನಿಲ್ಲಿಸಿದ ಗಂಡಸರು ಸಂಜೆ ಅಲ್ಲಿಗೆ ಬರುತ್ತಿದ್ದರು. ನಾನು, ಅಣ್ಣ, ಅಣ್ಣನ ಗೆಳೆಯ ಮೋಟುಗೋಡೆಯ ಮೇಲೆ ಕೂತು ನೋಡುತ್ತಿದ್ದೆವು. ಬಣ್ಣ ಹಾಕಿ ಒಣಗಲು ಬಿಟ್ಟ ರೇಷ್ಮೆ ನೂಲಿನ ಹಿಂದೆ ಸೂರ್ಯ ಇಳಿಯುವಾಗ ಯಾವುದು ಚೆಂಡು, ಯಾವುದು ಬೆಳಕು ತಿಳಿಯುತ್ತಿರಲಿಲ್ಲ.

ಈಗ ಮೂವರಿಗೂ ತಲೆ ನೆರೆತಿದೆ. ಗೆಳೆಯ ಟೈಲರ್ ಅಂಗಡಿಯನ್ನು ಮಗನಿಗೆ ಬಿಟ್ಟಿದ್ದಾನೆ. ಭಾನುವಾರ ಅಣ್ಣನ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಆ ತಂಡದ ಮಾತೆತ್ತುತ್ತೇವೆ. ಊರಿಗೆಲ್ಲ ನೆನಪಿರುವುದು ಮುಂದಿನ ಸಾಲಿನ ಆಟಗಾರ. ಅವರ ಫೋಟೋ ಇಂದಿಗೂ ಒಂದು ಹೋಟೆಲಿನ ಗೋಡೆಯಲ್ಲಿದೆ. ನಮ್ಮ ಪ್ರೀತಿ ಮಾತ್ರ ಹಿಂದಿನ ಸಾಲಿನ ಬಲಮೂಲೆಯವರ ಮೇಲೆ. ಸಣಕಲು ಆಳು, ಮಾತಿಲ್ಲ. ನಾವೂ ನೋಡಹೋಗಿದ್ದ ಹನೂರಿನ ಪಂದ್ಯದಲ್ಲಿ ತಲೆ ಮೇಲಿಂದ ದಾಟಿದ ಚೆಂಡಿನ ಹಿಂದೆ ಹುಣಸೆಮರದವರೆಗೆ ಓಡಿ, ಬೆನ್ನು ತಿರುಗಿಸಿಕೊಂಡೇ ಹೊಡೆದರಲ್ಲ, ಆ ಚೆಂಡು ಅವಸರವಿಲ್ಲದೆ ತೇಲಿಕೊಂಡು ಬಂದು ಬಲೆಯ ಆಚೆ ಇಳಿದಿತ್ತು. ಅಣ್ಣ ಇದನ್ನು ಹೇಳುವಾಗಲೆಲ್ಲ ಕಾಫಿಲೋಟವೇ ಬ್ಯಾಟು. ಅತ್ತಿಗೆ ನೆಲ ಒರೆಸುತ್ತಾ ಬೈಯುತ್ತಾಳೆ.

ಹೋದ ವರ್ಷ ಟೈಲರ್ ಗೆಳೆಯ ಏದುಸಿರು ಬಿಡುತ್ತಾ ಬಂದ.

“ಲೇ, ನಮ್ ಬಲಮೂಲೆಯೋರು ಯಳಂದೂರಲ್ಲೇ ಅವ್ರೆ ಕಣ್ಲಾ! ಬಾಳೆಲೆ ಅಂಗ್ಡಿ ಮಡೀಕಂಡವ್ರೆ.”

ಆವತ್ತೇ ಬಸ್ಸು ಹತ್ತಿದೆವು. ಅಂಗಡಿಯೆಂದರೆ ಮನೆಯ ಮುಂದಿನ ಒಂದು ಹಲಗೆ. ಎಲೆಗೆ ನೀರು ಚಿಮುಕಿಸುತ್ತಿದ್ದವರು ತಲೆ ಎತ್ತಿ, “ಎಷ್ಟೆಲೆ ಬೇಕು ಸಾ?” ಎಂದರು. ಅಣ್ಣ ನನ್ನನ್ನು ಮುಂದಕ್ಕೆ ತಳ್ಳಿದ. ನಾನೇ ಹೇಳಿದೆ: “ಎಲೆಗ್ ಬರ್ಲಿಲ್ಲ ಕಣ್ರಿ. ಚಿಕ್ಕೋರಿದ್ದಾಗ ನಿಮ್ಮಾಟ ನೋಡ್ತಿದ್ದೋರು ನಾವು.”

ಬೇರೆ ಯಾರಿಗೋ ಹೇಳಿದೆವೇನೋ ಎಂಬಂತೆ ಅವರು ಹಿಂದೆ ತಿರುಗಿ ನೋಡಿದರು. ಒಳಗಿನಿಂದ ಹೆಂಡತಿ ಬಂದರು. “ಆಟವಾ? ಇವ್ರು ಆಡ್ತಿದ್ರಾ? ನಂಗೊಂದ್ ಮಾತೂ ಏಳಿಲ್ವಲ್ಲ!”

ಅಣ್ಣನಿಗೆ ಅಷ್ಟೇ ಸಾಕಾಗಿತ್ತು. ಬೀದಿಗಿಳಿದು ಹನೂರಿನ ಪಂದ್ಯವನ್ನು ಆಡಿಯೇ ತೋರಿಸಿದ. ಎದುರಿಂದ ಬಂದ ಸ್ಕೂಟರಿನವನು ಬ್ರೇಕ್ ಹಾಕಿ ನಿಂತ. ಎಲ್ಲ ಮುಗಿದ ಮೇಲೆ ಬಾಳೆಲೆಯವರು ಮೆಲ್ಲಗೆ ನಕ್ಕರು.

“ಅದು ನಾನಲ್ಲ ಸಾ. ಆವತ್ತು ನನ್ ಕಾಲು ಉಳುಕಿತ್ತು. ಅದ್ನ ಒಡದೋನು ಎಡಮೂಲೆಯೋನು. ನಂಗೋಸ್ಕರ ನನ್ ಮೂಲೆಗೂ ಅವ್ನೇ ಓಡ್ತಿದ್ದ.”

ನನ್ನೊಳಗೆ ಅದೇ ಸಂಜೆ ಇತ್ತು, ಅದೇ ಹುಣಸೆಮರ, ಅದೇ ಬೆನ್ನು. ಆದರೆ ತಿರುಗಿದ ಮುಖ ಮಾತ್ರ ಬೇರೆ. ಎಡಮೂಲೆಯವರನ್ನು ನೆನೆಯಲು ನೋಡಿದೆ. ಮಡಿಸಿದ ಅಂಗಿತೋಳು, ಒಂದು ಕೈ, ಅಷ್ಟೇ ಕಂಡಿತು. ಬೇಜಾರಾಗಲಿಲ್ಲ. ಹಳೆಯ ಸೀರೆಯ ಮಡಿಕೆ ಬಿಚ್ಚಿದರೆ ಒಳಗೆ ಊಹಿಸದ ಬಣ್ಣದ ಸೆರಗು ಕಂಡಹಾಗಿತ್ತು.

“ಅವ್ರು ಈಗೆಲ್ಲವ್ರೆ?” ಅಂದೆ.

“ಗೋಪಿನಾಥಂ. ಕಾಡಿನ್ ಕೆಲ್ಸಕ್ಕಂತ ಅಲ್ಲಿಗ್ ಓದೋನು ಮೀನು ಇಡ್ಕಂಡು ಅಲ್ಲೇ ನಿಂತ್ಬುಟ್ಟ. ನೋಡಿ ಬಾಳ ವರ್ಸಾತು.”

“ಅಂಗಾರೆ ಓಗ್ಬರಾನ ನಡೀರಿ,” ಎಂದರು ಹೆಂಡತಿ. “ನಾನೂ ಬತ್ತೀನಿ. ಇನ್ನೂ ಏನೇನ್ ಮುಚ್ಚಿಟ್ಟವ್ರೋ ಕೇಳ್ಬೇಕು.”

ಮುಂದಿನ ಭಾನುವಾರ ಐವರೂ ಹೊರಟೆವು. ಹನೂರು ದಾಟಿ ಬೆಟ್ಟ ಶುರುವಾದ ಮೇಲೆ ನನಗೆ ಜೊಂಪು ಹತ್ತಿತು. ಕಣ್ಣು ಬಿಟ್ಟಾಗಲೆಲ್ಲ ಕಿಟಕಿಯಲ್ಲಿ ಕಾಡು; ಮುಚ್ಚಿದರೂ ಕಾಡೇ. ಗೋಪಿನಾಥಂನಲ್ಲಿ ಕೇಳಿದಾಗ ಊರವರು ಹಿನ್ನೀರಿನ ಕಡೆ ಕೈ ತೋರಿಸಿದರು.

ಎಡಮೂಲೆಯವರು ದಡದಲ್ಲಿ ಕೂತು ಬಲೆ ಹೆಣೆಯುತ್ತಿದ್ದರು. ನಮ್ಮ ಗುಂಪನ್ನು ಒಮ್ಮೆ ನೋಡಿದರು, ಆಮೇಲೆ ಬಾಳೆಲೆಯವರನ್ನು. “ವಾ, ವಾ,” ಎಂದು ಆ ಗಡಿ ಊರಿನ ತಮಿಳಿನಲ್ಲಿ ಕರೆದು, ಮರುಗಳಿಗೆ ಕನ್ನಡಕ್ಕೆ ಬಂದರು. “ಕಾಲು ಎಂಗದೆ ಈಗ?”

ಕಾಲು ಉಳುಕಿದ್ದು ಮೊನ್ನೆ ಎಂಬಂತೆ ಕೇಳಿದರು. ಬಾಳೆಲೆಯವರು ಅವರ ಪಕ್ಕ ಕೂತು ಬಲೆಯ ತುದಿ ಹಿಡಿದುಕೊಂಡರು.

ಅಣ್ಣ ಹುಣಸೆಮರದ ಹೊಡೆತದ ಬಗ್ಗೆ ಕೇಳಿದ. ಎಡಮೂಲೆಯವರು ತಲೆ ಕೆರೆದುಕೊಂಡರು. “ಒಡದ್ನೇನೋ. ಗ್ಯಾಪ್ಕ ಇಲ್ಲ ಸಾ. ಇವುನ್ ಕಾಲು ಕುಂಬ್ಳಕಾಯಂಗೆ ಊದ್ಕಂಡಿತ್ತು. ಎಗಲ ಮೇಲೆ ಒತ್ಕಂಡೋಗಿ ಬಸ್ ಅತ್ತಿಸ್ದೆ, ಅದ್ ಗ್ಯಾಪ್ಕ ಅದೆ.”

ಟೈಲರ್ ಗೆಳೆಯ ಚೀಲದಿಂದ ಎರಡು ಬ್ಯಾಟು, ಒಂದು ಹೊಸ ಉಣ್ಣೆ ಚೆಂಡು ತೆಗೆದ. ಇಬ್ಬರೂ ಬೇಡಬೇಡ ಎನ್ನುತ್ತಲೇ ಎದ್ದರು. ಮೊದಲ ಚೆಂಡುಗಳು ಮರಳಿಗೆ ಬಿದ್ದವು. ಆಮೇಲೆ ಕೈಗೆ ಗುರುತು ಸಿಕ್ಕಿತು. ಬಿಸಿಲು ನೀರಿನ ಮೇಲೆ ಕರಗುತ್ತಿತ್ತು. ಹಳದಿ ಚೆಂಡು ಅತ್ತಿಂದಿತ್ತ ನಿಧಾನಕ್ಕೆ ಹೋಗಿ ಬರುತ್ತಿದ್ದರೆ ನಾವು ಸಾಲಾಗಿ ಕೂತು ಚಪ್ಪಾಳೆ ತಟ್ಟಿದೆವು. ಬಾಳೆಲೆಯವರ ಹೆಂಡತಿಯದೇ ಎಲ್ಲರಿಗಿಂತ ದೊಡ್ಡ ಗಂಟಲು.

ವಾಪಸ್ ಬಸ್ಸಿನ ಡ್ರೈವರ್ ಹಾರ್ನ್ ಹೊಡೆದೂ ಹೊಡೆದೂ ಸಾಕಾಗಿ ದಡಕ್ಕೇ ಇಳಿದು ಬಂದ. ಬೈಯಲೆಂದೇ ಬಂದವನು ನಮ್ಮ ಪಕ್ಕ ನಿಂತು ನೋಡತೊಡಗಿದ.

“ಯಾರ್ ಸಾ ಇವ್ರು?”

“ನಮ್ ಟೀಮ್ನೋರು,” ಎಂದ ಅಣ್ಣ, ಅವರಿಂದ ಕಣ್ಣು ಕೀಳದೆ.