ಖಾಲಿ ಮಿಕ್ಸಿಯ ಸದ್ದು

ಮೈಸೂರಿನ ಒಂದು ಮಕ್ಕಳ ಆಪ್ತಸಲಹಾ ಕೇಂದ್ರದಲ್ಲಿ ಅದು ನನ್ನ ಎರಡನೆಯ ವರ್ಷ. ಹಿನಕಲ್‌ನಿಂದ ಒಬ್ಬ ತಾಯಿ ಏಳು ವರ್ಷದ ಮಗಳನ್ನು ಕರೆತಂದರು. ಇಲ್ಲಿ ತಾಯಿಯನ್ನು ಸುಮಾ ಎಂದೂ ಮಗಳನ್ನು ಪುಟ್ಟಿ ಎಂದೂ ಕರೆಯುತ್ತೇನೆ. ಪುಟ್ಟಿಯ ತೋಳಿನ ಬಾಸುಂಡೆ ಕಂಡು ಶಾಲೆಯ ಟೀಚರು ಕಳಿಸಿದ್ದರು. ವಿಷಯ ತಿಳಿದ ಅಜ್ಜಿ, ಮಗುವನ್ನು ಇಲವಾಲದ ತಮ್ಮ ಮನೆಯಲ್ಲೇ ಇಟ್ಟುಕೊಳ್ಳುತ್ತೇನೆಂದು ಹಟ ಹಿಡಿದಿದ್ದರು. ಮಗಳು ಕೈತಪ್ಪುತ್ತಾಳೆಂಬ ಭಯ ಸುಮಾ ಅವರಿಗೆ.

ಅವರದು ಗಾರ್ಮೆಂಟ್ಸ್ ಕೆಲಸ. ದಿನವಿಡೀ ಸೂಪರ್‌ವೈಸರನ ಬೈಗುಳ. ಲಾರಿ ಓಡಿಸುವ ಗಂಡ ಮನೆಯಲ್ಲಿರುವುದೇ ಅಪರೂಪ. ಸಂಜೆ ಮಗಳು ಹಾಲು ಚೆಲ್ಲಿದರೆ ಮನಸ್ಸಿಗೆ ಬರುವುದು ಒಂದೇ ಮಾತು: ಬೇಕೆಂದೇ ಮಾಡುತ್ತಾಳೆ. ಹೀಗೆ ಪರೀಕ್ಷೆಗೆ ನಿಲ್ಲದೆ ತಾನಾಗಿ ನುಗ್ಗುವ ಯೋಚನೆಯನ್ನು ನಾವು ಆಟೋಮ್ಯಾಟಿಕ್ ಥಾಟ್ ಎನ್ನುತ್ತೇವೆ. ದಣಿದಷ್ಟೂ ಅದು ನಿಜವೆನಿಸುತ್ತದೆ.

"ಆಮೇಲೆ ಏನ್ ಮಾಡ್ತೀನೋ ಗೊತ್ತೇ ಆಗಲ್ಲ ಮೇಡಂ. ಹೊಡ್ದುಬುಟ್ಟಿರ್ತೀನಿ," ಎಂದರು. ನಾನು ನಂಬಿದೆ.

ಮುಂದಿನ ಭೇಟಿಯಲ್ಲಿ ಪಾತ್ರ ಅದಲುಬದಲು ಮಾಡುವ ಆಟ ಆಡಿಸಿದೆ. ಪುಟ್ಟಿ ಅಮ್ಮನಾದಳು. ಮಗಳಾದ ಸುಮಾ ನಗುತ್ತಲೇ ಚಾಪೆಯ ಮೇಲೆ ಕುಳಿತು ಪ್ಲಾಸ್ಟಿಕ್ ಲೋಟ ಉರುಳಿಸಿದರು.

"ಬೇಕೂಂತ್ಲೇ ಚೆಲ್ದೇನೇ?" ಎಂದು ಪುಟ್ಟಿ ಸೊಂಟಕ್ಕೆ ಕೈಯಿಟ್ಟಳು. ಆದರೆ ಹೊಡೆಯಲು ಬರಲಿಲ್ಲ. ಕಿಟಕಿಯ ಹತ್ತಿರ ಹೋಗಿ ಅದರ ಬಾಗಿಲು ಎಳೆದಳು, ಚಿಲಕ ಹಾಕಿದಳು. ಗೋಡೆಯ ಮೇಲೆ ಇಲ್ಲದ ಸ್ವಿಚ್ಚೊಂದನ್ನು ಒತ್ತಿ ಬಾಯಲ್ಲಿ ಗುರ್ರ್ ಎಂದು ಸದ್ದು ಮಾಡಿದಳು. ಆಮೇಲಷ್ಟೇ ಬಂದು ಕೈ ಎತ್ತಿದಳು.

ಅದೇನು ಸದ್ದು ಎಂದು ಕೇಳಿದೆ.

"ಮಿಕ್ಸಿ, ಆಂಟಿ. ಒಳಗೇನೂ ಇರಲ್ಲ. ಪಕ್ಕದ್ಮನೆಯವ್ರಿಗೆ ಕೇಳಬಾರ್ದಲ್ಲ, ಅದಕ್ಕೆ."

ಸುಮಾ ಉರುಳಿದ ಲೋಟವನ್ನು ಎತ್ತಿ ನೆಟ್ಟಗೆ ನಿಲ್ಲಿಸಿದರು. ಅದರಿಂದ ಕೈ ತೆಗೆಯಲಿಲ್ಲ. "ಗೊತ್ತಾಗುತ್ತೆ ಮೇಡಂ," ಎಂದರು. "ನಂಗೆ ಎಲ್ಲಾ ಗೊತ್ತಾಗುತ್ತೆ."

ನನಗೂ ತಲೆ ಎತ್ತಲಾಗಲಿಲ್ಲ. ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಅದು ರೇಡಿಯೊ ಆಗಿತ್ತು.

ಮುಂದಿನ ತಿಂಗಳುಗಳಲ್ಲಿ ನಾವು ಕೆಲಸ ಮಾಡಿದ್ದು ಕಿಟಕಿಗೂ ಸ್ವಿಚ್ಚಿಗೂ ನಡುವಿನ ಆ ಅಲ್ಪ ಸಮಯದ ಮೇಲೆ. ಚಿಲಕಕ್ಕೆ ಕೈ ಹೋದರೆ ಅಲ್ಲೇ ನಿಲ್ಲಬೇಕು. ಅವಳು ನಿಜಕ್ಕೂ ಬೇಕೆಂದೇ ಮಾಡಿದಳೇ ಎಂದು ಕೇಳಿಕೊಳ್ಳಬೇಕು. ಸುಮಾ ಒಮ್ಮೆ ತಪ್ಪಿದರು. ಬಂದು ತಾವೇ ಹೇಳಿದರು. ಪುಟ್ಟಿ ಇಲವಾಲಕ್ಕೆ ರಜೆಗೆ ಹೋಗಿ ಅಮ್ಮನ ಬಳಿಗೇ ಮರಳಿದಳು.

ಕೋಪದಲ್ಲಿ ಗೊತ್ತಾಗಲಿಲ್ಲ ಎನ್ನುವವರನ್ನು ಈಗ ನಾನು ಮೊದಲು ಕೇಳುವುದು, ಹೊಡೆಯುವ ಮುಂಚೆ ಏನೇನು ಮಾಡಿದಿರಿ ಎಂದು. ತಡೆಯುವ ಶಕ್ತಿ ಆ ಉತ್ತರದಲ್ಲೇ ಇರುತ್ತದೆ, ನಾಚಿಕೆಯೂ.

ಮಿಕ್ಸಿ ಸದ್ದಿಗೆ ಪುಟ್ಟಿ ಇನ್ನೂ ಬೆಚ್ಚುತ್ತಾಳಂತೆ. ಹಾಗಾಗಿ ಸ್ವಿಚ್ ಹಾಕುವ ಮೊದಲು ಸುಮಾ ಪ್ರತಿ ಸಲವೂ ಅಡುಗೆಮನೆಯಿಂದ ಕೂಗಿ ಹೇಳುತ್ತಾರೆ: "ಚಟ್ನಿಗೆ ಕಣಮ್ಮ."